ಪುಸ್ತಕದ ಬದನೆಕಾಯಿ

"ಏನೋ ಅದು, ಬೆಳಗಿಂದ ಮೂಗಿಗೆ ಅಂಟಿಸ್ಕೊಂಡು ಕೂತಿದೀಯ? ಪುಸ್ತಕದ ಬದನೆಕಾಯಿ ಎಣ್ಣೆಗಾಯಿಗೆ ಆಗುತ್ತೇನೋ? ಏಳು, ಮಾರ್ಕೆಟ್ಟಿಗೆ ಹೋಗಿ ತಿನ್ನೋ ಬದನೆಕಾಯಿ ತಗೊಂಡು ಬಾ!"

ಬೇಸಿಗೆ ರಜಕ್ಕೆ ಮೈಸೂರಿಗೆ ಹೋದಾಗಲೆಲ್ಲ ನನ್ನ ವಿದ್ವತ್ತಿಗೆ ಸಿಗುತ್ತಿದ್ದ ಸನ್ಮಾನ ಇದು. ಮಾಡುತ್ತಿದ್ದವರು ನನ್ನ ಸೋದರತ್ತೆ. ಆಗ ನನಗೆ ಹತ್ತು ವರ್ಷ, ಕೈಯಲ್ಲಿ 'ಚಂದಮಾಮ'. ಬೇತಾಳ ಇನ್ನೇನು ವಿಕ್ರಮನ ಹೆಗಲ ಮೇಲಿಂದ ಪ್ರಶ್ನೆ ಕೇಳಬೇಕು, ಅಷ್ಟರಲ್ಲಿ ಅತ್ತೆ ನನ್ನ ಹೆಗಲೇರುತ್ತಿದ್ದರು. ವಿಕ್ರಮನಿಗಾದರೂ ಬಾಯಿ ಬಿಟ್ಟರೆ ಭಾರ ಇಳಿಯುತ್ತಿತ್ತು. ನಾನು ಬಾಯಿ ಬಿಟ್ಟರೆ ಬದನೆಕಾಯಿಯ ಜೊತೆ ಕೊತ್ತಂಬರಿ ಸೊಪ್ಪೂ ಸೇರಿಕೊಳ್ಳುತ್ತಿತ್ತು.

ಅತ್ತೆಯ ಆಜ್ಞೆಯಲ್ಲಿ ಮೂರು ಬಾಬತ್ತು. ಒಂದು, ದೇವರಾಜ ಮಾರುಕಟ್ಟೆಯಿಂದ ಈರನಗೆರೆ ಬದನೆಕಾಯಿ: ತೊಟ್ಟು ಹಸಿರಾಗಿರಬೇಕು, ಅಂಗೈಯಲ್ಲಿಟ್ಟರೆ ಹಗುರ ಅನ್ನಿಸಬೇಕು, ಭಾರವಾದರೆ ಒಳಗೆಲ್ಲ ಬೀಜ. ಎರಡು, ಶೆಟ್ಟರ ಅಂಗಡಿಯಿಂದ ಒಂದು ಪಾವು ಗುರೆಳ್ಳು. ಮೂರನೆಯದು ಗುಟ್ಟಿನದು, ಅದನ್ನು ಆಮೇಲೆ ಹೇಳುತ್ತೇನೆ.

"ಶೆಟ್ಟರೇ, ಒಂದು ಪಾವು ಗುರೆಳ್ಳು."

"ಗುರೆಳ್ಳಾ? ಅದ್ಯಾವುದು ಮರಿ?"

"ಅದೇ, ಕಪ್ಪಗೆ, ಸಣ್ಣಗೆ, ಮಿರಮಿರ ಅನ್ನುತ್ತಲ್ಲ..."

"ಓ, ಹುಚ್ಚೆಳ್ಳು ಅನ್ನು ಮತ್ತೆ!"

ಮೈಸೂರು ಸೀಮೆಯಲ್ಲಿ ಎಲ್ಲರಿಗೂ ಅದು ಹುಚ್ಚೆಳ್ಳು. ಅತ್ತೆ ಒಬ್ಬರಿಗೆ ಮಾತ್ರ ಗುರೆಳ್ಳು. ಅತ್ತೆ ಹುಟ್ಟಿದ್ದು ನಂಜನಗೂಡು, ಸೇರಿದ್ದು ಮೈಸೂರು. ತುಂಗಭದ್ರೆ ಹೇಗಿದ್ದಾಳೆ ಅಂತ ಒಂದು ದಿನವೂ ಹೋಗಿ ನೋಡಿದವರಲ್ಲ. ಹಾಗಿರುವಾಗ ಧಾರವಾಡದ ಮಾತು ಅವರ ಅಡುಗೆಮನೆಗೆ ಯಾವ ರೈಲಿನಲ್ಲಿ ಬಂತು ಎಂದು ನಾನಾಗ ಕೇಳಲಿಲ್ಲ. ಹತ್ತು ವರ್ಷದ ಹುಡುಗನಿಗೆ ಮಾತಿನ ಮೂಲ ಮುಖ್ಯವಲ್ಲ, ಬಾಣಲೆಯ ವಾಸನೆ ಮುಖ್ಯ.

ಆ ವಾಸನೆಯೋ! ಗುರೆಳ್ಳು ಹುರಿಯುವಾಗ ಮೊದಲು ಒಂದು ಕಹಿ ಹೊಗೆ, ಹಿಂದೆಯೇ ಕೊಬ್ಬರಿಯ ಘಮ. ಒರಳಲ್ಲಿ ಕುಟ್ಟಿದ ಮಸಾಲೆಯನ್ನು, ನಾಲ್ಕು ಸೀಳಿಯೂ ತೊಟ್ಟು ಬಿಡದ ಕಾಯಿಯ ಹೊಟ್ಟೆಗೆ ತುಂಬಿ, ಎಣ್ಣೆಯಲ್ಲಿ ಒಂದರ ಪಕ್ಕ ಒಂದು ಮಲಗಿಸಿ ತಟ್ಟೆ ಮುಚ್ಚಿದರೆ, ವಠಾರದ ಕೊನೇ ಮನೆಯವರೂ ಸಕ್ಕರೆ ಸಾಲ ಕೇಳುವ ನೆಪದಲ್ಲಿ ಬರುತ್ತಿದ್ದರು. "ಹೇಗ್ರೀ ಮಾಡ್ತೀರಾ?" ಎಂದರೆ ಅತ್ತೆಯ ಉತ್ತರ ಒಂದೇ: "ಅಂದಾಜು ಕಣ್ರೀ. ಇದೆಲ್ಲ ಓದಿ ಬರೋದಲ್ಲ, ಕೈಗೆ ಬರಬೇಕು." ಹಾಗೆನ್ನುತ್ತಾ ನನ್ನ ಕೈಯಲ್ಲಿದ್ದ 'ಚಂದಮಾಮ'ದ ಕಡೆ ಒಂದು ನೋಟ.

ನಾವು ಕನ್ನಡಿಗರು ನ್ಯಾಯವಂತರು. ಓದಬೇಕೆಂದಾಗ ಹೇಳುವುದಕ್ಕೆ 'ದೇಶ ಸುತ್ತು, ಕೋಶ ಓದು' ಅಂತ ಒಂದು ಗಾದೆ ಇಟ್ಟುಕೊಂಡಿದ್ದೇವೆ. ಓದಬಾರದೆಂದಾಗ ಹೇಳುವುದಕ್ಕೆ 'ಓದು ಒಕ್ಕಾಲು, ಬುದ್ಧಿ ಮುಕ್ಕಾಲು' ಅಂತ ಇನ್ನೊಂದು. ಮಗ ಫೇಲಾದ ದಿನ ಮೊದಲನೆಯದು, ಪಕ್ಕದ ಮನೆ ಹುಡುಗ ರ‍್ಯಾಂಕ್ ಬಂದ ದಿನ ಎರಡನೆಯದು.

ಇದಕ್ಕೆ ಒಂಬತ್ತನೇ ಶತಮಾನದಿಂದಲೇ ನಮ್ಮ ಹತ್ತಿರ ಸರ್ಟಿಫಿಕೇಟೂ ಇದೆ. ಈ ನಾಡಿನ ಜನ ಕೂತು ಓದದಿದ್ದರೂ ಕಾವ್ಯದ ಮರ್ಮ ಬಲ್ಲವರು ಎಂಬರ್ಥದ ಮಾತನ್ನು 'ಕವಿರಾಜಮಾರ್ಗ' ಬರೆದ ಪುಣ್ಯಾತ್ಮ ಹೇಳಿಬಿಟ್ಟಿದ್ದಾನೆ. ರಾಜ್ಯೋತ್ಸವದ ಭಾಷಣಗಳಲ್ಲಿ ಈ ಮಾತು ಬರದ ವರ್ಷವಿಲ್ಲ. ನಾವು ಅದನ್ನು ಹೊಗಳಿಕೆ ಎಂದು ತಿಳಿಯಲೇ ಇಲ್ಲ, ರಜಾ ಚೀಟಿ ಎಂದು ತಿಳಿದೆವು. ಓದದೆಯೇ ಇಷ್ಟು ಬಲ್ಲವರಾದರೆ ಓದಿ ಯಾಕೆ ಕೆಡಬೇಕು? ಆದರೆ ಅಂದಿನ ಓದದ ಜನ ಸುಮ್ಮನೆ ಕೂತವರಲ್ಲ, ಕೇಳಿದವರು. ಊರಿನ ಜಗಲಿಯಲ್ಲಿ ಒಬ್ಬರು ಕುಮಾರವ್ಯಾಸನ ಭಾರತ ಓದಿದರೆ, ಇನ್ನೊಬ್ಬರು ಅರ್ಥ ಹೇಳಿದರೆ, ಲಾಟೀನಿನ ಬೆಳಕು ಮುಟ್ಟುವಷ್ಟು ದೂರವೂ ಜನ. ಒಂದು ಪುಸ್ತಕಕ್ಕೆ ಇಡೀ ಊರು ಓದುಗರು. ನಾವು ಓದುವುದನ್ನೂ ಬಿಟ್ಟೆವು, ಕೇಳುವುದನ್ನೂ ಬಿಟ್ಟೆವು, ಸರ್ಟಿಫಿಕೇಟು ಮಾತ್ರ ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದೆವು.

ಹಾಗಂತ ಪುಸ್ತಕಕ್ಕೆ ನಾವು ಮರ್ಯಾದೆ ಕೊಡುವುದಿಲ್ಲ ಅನ್ನಬೇಡಿ. ಕಾಲು ತಗುಲಿದರೆ ತಕ್ಷಣ ಬಗ್ಗಿ ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಎಷ್ಟೋ ಮನೆಗಳಲ್ಲಿ ಪುಸ್ತಕಕ್ಕೂ ಕಣ್ಣಿಗೂ ಇರುವುದು ಅದೊಂದೇ ಸಂಬಂಧ. ನವರಾತ್ರಿಯಲ್ಲಿ ಸರಸ್ವತಿ ಹಬ್ಬ ಬಂತೆಂದರೆ ಪುಸ್ತಕಗಳನ್ನೆಲ್ಲ ಮಣೆಯ ಮೇಲೆ ಜೋಡಿಸಿ, ಮೇಲೊಂದು ರೇಷ್ಮೆ ಬಟ್ಟೆ, ಅರಿಶಿನ ಕುಂಕುಮ, ಚೆಂಡು ಹೂವು. ವಿಜಯದಶಮಿಯ ತನಕ ಮುಟ್ಟುವ ಹಾಗಿಲ್ಲ, ಓದುವ ಹಾಗಿಲ್ಲ. ವಿದ್ಯೆಯ ಅಧಿದೇವತೆಯೇ ಓದಬೇಡ ಎಂದು ಅಪ್ಪಣೆ ಕೊಡುವ ಹಬ್ಬ ಇನ್ನಾವ ಮಗುವಿಗೆ ಬೇಡ? ನಾನಂತೂ ಗಣಿತದ ಪುಸ್ತಕವನ್ನು ಎಲ್ಲಕ್ಕಿಂತ ಕೆಳಗೆ ಇಡುತ್ತಿದ್ದೆ, ಪೂಜೆ ಮುಗಿದ ಮೇಲೂ ಸುಲಭಕ್ಕೆ ಕೈಗೆ ಸಿಗಬಾರದು ಎಂದು. ನನ್ನ ಸ್ನೇಹಿತರೊಬ್ಬರ ಮನೆಯ ಗಾಜಿನ ಬೀರುವಿನಲ್ಲಿ ಪುಸ್ತಕಗಳು ಬೆನ್ನು ತೋರಿಸಿ ಸಾಲಾಗಿ ನಿಂತಿವೆ, ಬೀಗದ ಕೈ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ಅವರ ಮನೆಯ ಸರಸ್ವತಿ ಹಬ್ಬ ಇನ್ನೂ ಮುಗಿದಿಲ್ಲ.

ಅತ್ತೆಯ ಮಾತಿಗೆ ಬರುತ್ತೇನೆ. ಪುಸ್ತಕದ ಬದನೆಕಾಯಿಯಿಂದ ಅಡುಗೆಯಾಗುವುದಿಲ್ಲ ಎಂಬ ಮಾತು ಎಷ್ಟು ವರ್ಷ ನನ್ನನ್ನು ಕಾಡಿತೆಂದರೆ, ದೊಡ್ಡವನಾದ ಮೇಲೆ ಪುಸ್ತಕಗಳಲ್ಲಿ ಬದನೆಕಾಯಿಯನ್ನೇ ಹುಡುಕಿಕೊಂಡು ಹೊರಟೆ. ಸಿಕ್ಕಿತು ಸ್ವಾಮಿ! 1508ರ ಸುಮಾರಿಗೆ ಮೂರನೆಯ ಮಂಗರಸ 'ಸೂಪಶಾಸ್ತ್ರ' ಅಂತ ಕನ್ನಡದಲ್ಲೊಂದು ಅಡುಗೆ ಪುಸ್ತಕ ಬರೆದ. ತಿಂಡಿ, ಪಾನಕ, ಪಾಯಸ ಎಲ್ಲ ಮುಗಿಸಿ ಪಲ್ಯಗಳ ಭಾಗಕ್ಕೆ ಬಂದವನು ಬದನೆಕಾಯಿ ಹಿಡಿದು ಕೂತುಬಿಟ್ಟಿದ್ದಾನೆ, ಏಳುವುದೇ ಇಲ್ಲ. ಒಂದು ಕಾಯಿಯನ್ನು ಎಷ್ಟು ವಿಧವಾಗಿ ಬೇಯಿಸಬಹುದೋ ಅಷ್ಟೂ ಇದೆ. ಅದೂ ಗದ್ಯದಲ್ಲಲ್ಲ, ವಾರ್ಧಕ ಷಟ್ಪದಿಯಲ್ಲಿ. 'ಜೈಮಿನಿ ಭಾರತ'ದ ಲಕ್ಷ್ಮೀಶ ಸೀತೆಯನ್ನು ಕಾಡಿಗೆ ಕಳಿಸಿ ನಮ್ಮನ್ನೆಲ್ಲ ಅಳಿಸಿದ್ದು ಯಾವ ಷಟ್ಪದಿಯಲ್ಲೋ, ಅದೇ ಷಟ್ಪದಿಯಲ್ಲಿ ಮಂಗರಸ ಬದನೆಕಾಯಿಯನ್ನು ಒಲೆಗೆ ಕಳಿಸಿ ಬಾಯಲ್ಲಿ ನೀರೂರಿಸಿದ.

ಅವನಿಗೂ ಐನೂರು ವರ್ಷ ಹಿಂದೆ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯ 'ಲೋಕೋಪಕಾರ' ಬರೆದಿದ್ದ. ಹೆಸರೇ ಹೇಳುವ ಹಾಗೆ ನಾಲ್ಕು ಜನಕ್ಕೆ ಉಪಯೋಗಕ್ಕೆ ಬರಲಿ ಎಂದು ಬರೆದ ಪುಸ್ತಕ. ನೆಲದಡಿ ನೀರು ಎಲ್ಲಿದೆ ಎಂದು ಗುರುತಿಸುವುದು, ಮನೆ ಕಟ್ಟುವುದು, ಗಿಡ ಬೆಳೆಸುವುದು, ಅಡುಗೆ, ಸುಗಂಧ, ದನಕರುಗಳ ಮದ್ದು, ವಿಷಕ್ಕೆ ಚಿಕಿತ್ಸೆ. ಹಸುವಿನ ರೋಗಕ್ಕೆ ಅಂತಲೇ ಕೀರ್ತಿವರ್ಮ 'ಗೋವೈದ್ಯ' ಬರೆದ. ವಿಷದ ಬಗ್ಗೆಯೇ ಇನ್ನೊಬ್ಬ ಮಂಗರಾಜ 'ಖಗೇಂದ್ರಮಣಿದರ್ಪಣ' ಬರೆದ. ಕೊಟ್ಟಿಗೆ, ಹಿತ್ತಲು, ಬಾವಿ, ಒಲೆ ಎಲ್ಲಕ್ಕೂ ಕನ್ನಡದಲ್ಲಿ ಪುಸ್ತಕ ಇದ್ದ ಕಾಲದಲ್ಲಿ 'ಪುಸ್ತಕದ ಬದನೆಕಾಯಿ' ಅನ್ನುವ ಮಾತು ಬೈಗುಳ ಆಗಿರಲಾರದು. ಮಂಗರಸನ ಮನೆಯಲ್ಲಂತೂ ಅದು ಮಧ್ಯಾಹ್ನದ ಊಟ.

ಇದನ್ನೆಲ್ಲ ಒಂದು ಸಂಜೆ ನಮ್ಮ ಬೆಂಗಳೂರಿನ ಬೀದಿಯ ರಾಯರಿಗೆ ಉತ್ಸಾಹದಿಂದ ಹೇಳಿದೆ. ರಾಯರು ಲೆಕ್ಕಪತ್ರದಲ್ಲಿ ಪಳಗಿ ನಿವೃತ್ತರಾದವರು. ಪೂರ್ತಿ ಕೇಳಿ, "ಎಲ್ಲ ಸರಿ ಸ್ವಾಮಿ, ಇಷ್ಟು ಓದಿದ್ರಿಂದ ನಿಮಗೆ ಏನು ಉಳೀತು?" ಎಂದರು. ನಾನು ಜ್ಞಾನ ಎಂದೆ. ಜ್ಞಾನಕ್ಕೆ ಬಡ್ಡಿ ಎಷ್ಟು ಎಂದರು. ಶಬ್ದಸಂಪತ್ತು ಎಂದೆ. ಮನೆಯಲ್ಲಿ ಮಾತಾಡೋಕೆ ಬಿಡ್ತಾರಾ ಎಂದರು. ಏಕಾಗ್ರತೆ ಎಂದೆ. "ನಿನ್ನೆ ನೀವು ಹಾಲಿನ ಪಾತ್ರೆ ಒಲೆ ಮೇಲಿಟ್ಟು ಓದ್ತಾ ಕೂತಿದ್ದು ಇಡೀ ಬೀದಿಗೆ ವಾಸನೆ ಬಂತು. ಅದೇ ತಾನೆ ಏಕಾಗ್ರತೆ?" ಎಂದರು.

ತಪ್ಪು ನನ್ನದೇ. ಪುಸ್ತಕ ಬಿಡುಗಡೆಯ ವೇದಿಕೆಯಲ್ಲಿ ಹೇಳುವ ಮಾತುಗಳನ್ನು ಬೀದಿಯಲ್ಲಿ ಹೇಳಬಾರದು. ಆ ಸಭೆಗಳಲ್ಲಿ ಓದಿನಿಂದ ವ್ಯಕ್ತಿತ್ವ ವಿಕಸನವಾಗುತ್ತದೆ ಎಂದು ಗುಡುಗುವ ಅತಿಥಿಗಳಲ್ಲಿ ಕೆಲವರು ಬಿಡುಗಡೆಯಾದ ಪುಸ್ತಕವನ್ನು ಕಾರಿನಲ್ಲಿ ಬರುವಾಗ ಹಿಂದಿನ ಹೊದಿಕೆಯಷ್ಟು ಓದಿಕೊಂಡಿರುತ್ತಾರೆ. ಹೊದಿಕೆ ಓದಿ ಅವರು ಮುಕ್ಕಾಲು ಗಂಟೆ ಮಾತಾಡಬಲ್ಲವರಾದರೆ, ಪೂರ್ತಿ ಓದಿಬಿಟ್ಟರೆ ನಮ್ಮ ಗತಿ ಏನು? ಓದಿನ ಪ್ರಯೋಜನಗಳಲ್ಲಿ ಇದನ್ನೂ ಸೇರಿಸಿಕೊಳ್ಳಬಹುದು: ಕೆಲವರು ಓದದೆ ಇರುವುದರಿಂದ ಉಳಿದವರಿಗೆ ಆಗುವ ಪ್ರಯೋಜನ.

ಓದಿನ ನಿಜವಾದ ಉಪಯೋಗಗಳು ಇಷ್ಟು ದೊಡ್ಡವಲ್ಲ. ಬ್ಯಾಂಕಿನಲ್ಲಿ ಟೋಕನ್ ನಂಬರು 84 ಕೈಗೆ ಬಂದು, ಬೋರ್ಡಿನಲ್ಲಿ 19 ಎಂದು ಕೆಂಪಗೆ ಉರಿಯುತ್ತಿರುವಾಗ ಚೀಲದಿಂದ ಒಂದು ಪುಸ್ತಕ ತೆಗೆದು ನೋಡಿ. 84 ಅಂತ ಕೂಗಿದಾಗ, "ಇನ್ನೆರಡು ಪುಟ ಇದೆ, ಮುಂದಿನವರನ್ನ ಕರೀರಿ" ಎನ್ನಬೇಕು ಅನ್ನಿಸುತ್ತದೆ. ಮದುವೆ ಮನೆಯಲ್ಲಿ ತಮ್ಮ ಮೂತ್ರಪಿಂಡದ ಕಲ್ಲಿನ ಕಥೆ ಹೇಳಲು ಜಾಗ ಹುಡುಕುತ್ತಿರುವವರು, ಕೈಯಲ್ಲಿ ಪುಸ್ತಕ ಇದ್ದವರ ಪಕ್ಕದ ಕುರ್ಚಿ ಬಿಟ್ಟು ಮುಂದೆ ಹೋಗುತ್ತಾರೆ.

ಆದರೆ ಊರಿನಲ್ಲಿ ಒಂದು ತೊಂದರೆ ಇದೆ. ಮೊನ್ನೆ ಮೆಟ್ರೋದಲ್ಲಿ ತೇಜಸ್ವಿಯವರ 'ಕರ್ವಾಲೊ'ವನ್ನು ನಾಲ್ಕನೇ ಸಲ ಓದುತ್ತಾ ನಿಂತಿದ್ದೆ. ಪಕ್ಕದ ಹುಡುಗ ಬಹಳ ಹೊತ್ತು ನೋಡಿ ಮರುಕದಿಂದ ಕೇಳಿದ:

"ಯಾವ ಎಕ್ಸಾಂ ಅಂಕಲ್?"

ನನಗೆ ಅರವತ್ತು ವರ್ಷ, ತಲೆಯಲ್ಲಿ ಕಪ್ಪು ಕೂದಲು ಹುಡುಕಬೇಕು. ಆದರೂ ಅವನಿಗೆ ಬಂದ ಅನುಮಾನ ಅದೊಂದೇ. ತಪ್ಪು ಅವನದಲ್ಲ. ಬಡಾವಣೆಯ ಗ್ರಂಥಾಲಯಕ್ಕೆ ಹೋಗಿ ನೋಡಿ: ಮೇಜಿನ ಸುತ್ತ ಕೂತವರಲ್ಲಿ ಹೆಚ್ಚಿನವರು ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಪರೀಕ್ಷೆಗಳಿಗೆ ತಯಾರಾಗುವ ಮಕ್ಕಳು. ಗೋಡೆಯ ಬೀರುಗಳಲ್ಲಿ ಕಾದಂಬರಿಗಳು, ಮಕ್ಕಳಿಗೆ ತೊಂದರೆಯಾಗದಂತೆ ಉಸಿರು ಬಿಗಿಹಿಡಿದು ಕೂತಿರುತ್ತವೆ. ನಾನು ಆ ಹುಡುಗನಿಗೆ, "ಪರೀಕ್ಷೆಯಲ್ಲಪ್ಪ, ಸುಮ್ಮನೆ ಓದ್ತಿದ್ದೀನಿ" ಎಂದೆ. "ಸುಮ್ಮನೆನಾ?" ಎಂದು ಅವನು ಒಂದು ಹೆಜ್ಜೆ ದೂರ ಸರಿದ.

ಆ ಗ್ರಂಥಾಲಯಗಳೋ, ನಮ್ಮವೇ. ರಾಯರ ಲೆಕ್ಕದ ಬುದ್ಧಿಗೆ ಕೊನೆಗೂ ನಾನು ಒಂದು ಏಟು ಕೊಟ್ಟಿದ್ದು ಇಲ್ಲೇ. "ರಾಯರೇ, ನಿಮ್ಮ ಮನೆ ಕಂದಾಯದ ರಸೀದಿ ತನ್ನಿ" ಎಂದೆ. ತಂದರು. ಅದರಲ್ಲಿ ತೆರಿಗೆಯ ಕೆಳಗೆ ಸಾಲಾಗಿ ಉಪಕರಗಳಿವೆ. ಆರೋಗ್ಯಕ್ಕೆ ನೂರಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ಕನ್ನಡ ಪುಸ್ತಕದ ಸ್ಥಾನ ಎಲ್ಲಿದೆ ಎಂದು ಸರ್ಕಾರಕ್ಕೆ ಎಷ್ಟು ಸರಿಯಾಗಿ ಗೊತ್ತು ನೋಡಿ, ಆಸ್ಪತ್ರೆಗೂ ಭಿಕ್ಷೆಗೂ ನಡುವೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದದ್ದು 1965ರಲ್ಲಿ. ಹತ್ತು ಸಾವಿರ ತೆರಿಗೆ ಕಟ್ಟುವವರು ವರ್ಷಕ್ಕೆ ಆರುನೂರು ರೂಪಾಯಿ ಪುಸ್ತಕಕ್ಕೆ ಕೊಟ್ಟ ಹಾಗಾಯಿತು. "ಇಪ್ಪತ್ತೈದು ವರ್ಷದಿಂದ ಚಂದಾ ಕಟ್ಟಿದ್ದೀರಿ, ಒಂದು ಪುಸ್ತಕವನ್ನೂ ತಂದಿಲ್ಲ. ಬಡ್ಡಿ ಸಮೇತ ಎಷ್ಟು ನಷ್ಟ ಆಯ್ತು?" ಎಂದೆ. ರಾಯರ ಮುಖ ಬಾಡಿತು. ಜ್ಞಾನ ಹೋದರೆ ಹೋಗಲಿ, ಕೊಟ್ಟ ದುಡ್ಡು ಹೋಗಬಾರದು. ಮರುದಿನವೇ ಗ್ರಂಥಾಲಯಕ್ಕೆ ಹೋಗಿ ಅಲ್ಲಿದ್ದ ಅತಿ ದಪ್ಪ ಪುಸ್ತಕ ತಂದರು, ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. ದುಡ್ಡಿಗೆ ತೂಕ ಸರಿಹೋಗಬೇಕಲ್ಲ! ಈಗ ಸಂಜೆ ವಾಕಿಂಗಿಗೆ ಕರೆದರೆ, "ಇರಿ, ಗುತ್ತಿ ಆ ನಾಯೀನ ಕರ್ಕೊಂಡು ಎಲ್ಲಿಗೆ ಹೋದ ನೋಡ್ಬೇಕು" ಎನ್ನುತ್ತಾರೆ. ಏನು ಉಳಿಯಿತು ಎಂದು ನಾನು ಕೇಳಿಲ್ಲ. ಓದುತ್ತಿರುವವರನ್ನು ಕೇಳಬಾರದ ಪ್ರಶ್ನೆ ಅದು.

ಕೇಳಿದ್ದರೆ ಬೀಚಿಯವರು ಏನು ಹೇಳುತ್ತಿದ್ದರೋ! ಕನ್ನಡ ಪುಸ್ತಕ ಎಂದರೆ ಮೂಗು ಮುರಿಯುತ್ತಿದ್ದ ಅವರ ಕೈಗೆ ಅನಕೃ ಅವರ 'ಸಂಧ್ಯಾರಾಗ' ಬಿತ್ತು. ಓದಿ ಮುಗಿಸುವ ಹೊತ್ತಿಗೆ ಮೂಗು ನೆಟ್ಟಗಾಗಿತ್ತು. ಆಮೇಲೆ ಅವರೇ ಬರೆಯುತ್ತಾ ಹೋಗಿ ತಿಮ್ಮನನ್ನು ಕನ್ನಡಿಗರ ಮನೆಮಗ ಮಾಡಿದರು, ಕೊನೆಗೆ ಆತ್ಮಕಥೆಗೂ 'ನನ್ನ ಭಯಾಗ್ರಫಿ' ಅಂತ ಹೆಸರಿಟ್ಟು ನಗಿಸಿದರು. ಅನಕೃ ಅವರಿಗೆ ತಾವು ಒಬ್ಬ ಹಾಸ್ಯಗಾರನನ್ನು ತಯಾರು ಮಾಡುತ್ತಿದ್ದೇವೆ ಎಂಬ ಅಂದಾಜಾದರೂ ಇತ್ತೇ? ಬದನೆ ಬಿತ್ತಿದವರಿಗೆ ಎಣ್ಣೆಗಾಯಿ ಯಾರ ಮನೆಯಲ್ಲಿ ಬೇಯುತ್ತದೆ ಎಂದು ಗೊತ್ತಿರುವುದಿಲ್ಲ.

ಬದನೆಕಾಯಿಯ ಹಾಗೆಯೇ ಪುಸ್ತಕವನ್ನೂ ತಲೆಯ ಮೇಲೆ ಹೊತ್ತು ಮಾರಿದವರಿದ್ದಾರೆ. ಹಾವೇರಿ ಸೀಮೆಯ ಗಳಗನಾಥರು ತಾವು ಬರೆದ ಕಾದಂಬರಿಗಳನ್ನು ಗಂಟು ಕಟ್ಟಿ ಹೊತ್ತು ಊರೂರು ಅಲೆದರು. ಸೊಪ್ಪು ತರಕಾರಿಯಾದರೆ ಸಂಜೆಗೆ ಬಾಡುತ್ತದೆ, ಅರ್ಧ ಬೆಲೆಗಾದರೂ ಕೊಟ್ಟು ಬರಬಹುದು. ಪುಸ್ತಕ ಬಾಡುವುದಿಲ್ಲ, ಅದೇ ಕಷ್ಟ: ನಾಳೆ ತಗೊಳ್ಳೋಣ ಬಿಡಿ ಅನ್ನುತ್ತಾರೆ ಜನ. ಇನ್ನೂ ಹಿಂದೆ ಹೋದರೆ, ಹತ್ತನೇ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಮಾರುವ ಗೋಜಿಗೇ ಹೋಗಲಿಲ್ಲ. ಪೊನ್ನನ 'ಶಾಂತಿಪುರಾಣ'ವನ್ನು ಸಾವಿರ ಪ್ರತಿ ಓಲೆಗರಿಯಲ್ಲಿ ಬರೆಸಿ ಹಂಚಿದಳು. ಮುದ್ರಣವಿಲ್ಲದ ಕಾಲದಲ್ಲಿ ಸಾವಿರ ಪ್ರತಿ! ಆಮೇಲೆ ಅಚ್ಚಿನ ಮೊಳೆ ಬಂತು, ಆಫ್‌ಸೆಟ್ ಬಂತು, ಕಂಪ್ಯೂಟರು ಬಂತು, ಕನ್ನಡಿಗರ ಸಂಖ್ಯೆ ಕೋಟಿಗಳಲ್ಲಿ ಬೆಳೆಯಿತು. ಎಷ್ಟೋ ಕನ್ನಡ ಪುಸ್ತಕಗಳ ಮೊದಲ ಮುದ್ರಣ ಮಾತ್ರ ಇವತ್ತಿಗೂ ಸಾವಿರ ಪ್ರತಿ. ಅತ್ತಿಮಬ್ಬೆ ಹಾಕಿಕೊಟ್ಟ ಸಂಪ್ರದಾಯವನ್ನು ಮೀರಬಾರದೆಂದು ನಮ್ಮ ಪ್ರಕಾಶಕರಿಗೆ ಎಷ್ಟು ಭಯಭಕ್ತಿ! ಅದರಲ್ಲೂ ಗೌರವ ಪ್ರತಿ ಎಂದು ಹಂಚುವವುಗಳನ್ನು ಲೆಕ್ಕ ಹಾಕಿದರೆ ಆ ತಾಯಿಯ ದಾನಬುದ್ಧಿಯೂ ಉಳಿದಿದೆ.

ಈಗ ಅತ್ತೆಯ ಆಜ್ಞೆಯ ಮೂರನೇ ಬಾಬತ್ತು.

ಮಾರ್ಕೆಟ್ಟಿನ ದಾರಿಯಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಲೈಬ್ರರಿ ಎಂದರೆ ಎರಡು ಬಾಗಿಲಿನ ಅಂಗಡಿ, ಗೋಡೆ ತುಂಬ ಕಾದಂಬರಿ, ದಿನಕ್ಕೆ ಹತ್ತು ಪೈಸೆ ಬಾಡಿಗೆ. ಎಲ್ಲ ಪುಸ್ತಕಕ್ಕೂ ಖಾಕಿ ರಟ್ಟು, ಮೂಲೆಗಳಲ್ಲಿ ಎಣ್ಣೆಗೈ ಗುರುತು. ಪತ್ತೇದಾರಿ ಕಥೆಗಳ ಕೊನೇ ಪುಟ ಮಾತ್ರ ಯಾರೋ ಹರಿದಿರುತ್ತಿದ್ದರು, ಕೊಲೆಗಾರನೇ ಇರಬೇಕು. ಅಲ್ಲಿ ಒಂದು ಪುಸ್ತಕ ಹಿಂತಿರುಗಿಸಿ ಇನ್ನೊಂದನ್ನು ತರಬೇಕು. ತಂದದ್ದನ್ನು ಚೀಲದ ತಳಕ್ಕೆ ಹಾಕಿ ಮೇಲೆ ಬದನೆಕಾಯಿ ಹರಡಬೇಕು. ಮನೆಯಲ್ಲಿ ಅತ್ತೆಯ ಮಾವನವರಿದ್ದರು. ಕಾದಂಬರಿ ಓದುವ ಹೆಂಗಸರ ಮನೆಯಲ್ಲಿ ಸಾರು ಉಕ್ಕುತ್ತದೆ, ಸಂಸಾರ ಬತ್ತುತ್ತದೆ ಎಂದು ದೃಢವಾಗಿ ನಂಬಿದವರು. ಅವರು ಜಗಲಿಯಲ್ಲಿ ಕೂತು ಚೀಲಕ್ಕೆ ಕೈ ಹಾಕಿ ಒಂದು ಕಾಯಿ ಎತ್ತಿ, "ಕಾಯಿ ಚೆನ್ನಾಗಿದೆ" ಎಂದು ಒಳಗೆ ಬಿಡುತ್ತಿದ್ದರು. ಕಾಯಿಯ ಕೆಳಗೆ ತ್ರಿವೇಣಿ ಮಲಗಿರುತ್ತಿದ್ದರು.

ಮಧ್ಯಾಹ್ನ ಎರಡರಿಂದ ನಾಲ್ಕು ಅತ್ತೆಯ ಪಾರಾಯಣದ ಹೊತ್ತು. ನಡುಮನೆಯ ಕಂಬಕ್ಕೆ ಒರಗಿ, 'ಲಲಿತಾ ಸಹಸ್ರನಾಮ'ದ ರಟ್ಟು ಹಾಕಿದ ಪುಸ್ತಕ ಹಿಡಿದು ಕೂತರೆ, ಕಣ್ಣಲ್ಲಿ ಧಾರಾಕಾರ ನೀರು. ಮಾವನವರು ನಿದ್ದೆಯಿಂದ ಎದ್ದು ನೋಡಿ, "ಎಂಥಾ ಭಕ್ತಿ ನಮ್ಮ ಸೊಸೇದು" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಹತ್ತಿರ ಹೋದರೆ ಅತ್ತೆ ಗದರುತ್ತಿದ್ದರು: "ಹೋಗೋ, ಮಡಿ."

ಇನ್ನೂ ಹಿಂದಿನದೊಂದು ಸಂಗತಿ ಅಮ್ಮ ಹೇಳಿದ್ದು, ನಾನು ತೊಟ್ಟಿಲಲ್ಲಿದ್ದಾಗಿನದು. ಎದುರು ಸಾಲಿನಲ್ಲಿ ಒಬ್ಬ ಬಾಣಂತಿ. ಚೆನ್ನಾಗಿದ್ದ ಹುಡುಗಿ ಹೆರಿಗೆಯಾದ ಮೇಲೆ ಮಗುವನ್ನು ಮುಟ್ಟಲೊಲ್ಲಳು, ನಿದ್ದೆ ಇಲ್ಲ, ಒಬ್ಬಳೇ ಮಾತು, ಒಮ್ಮೊಮ್ಮೆ ಕಿರುಚಾಟ. ಗಾಳಿ ಸೋಕಿದೆ ಎಂದರು. ಯಂತ್ರ ಕಟ್ಟಿಸಿದರು, ಬೇವಿನ ಸೊಪ್ಪಿನಲ್ಲಿ ಹೊಡೆಯುವ ಮಂತ್ರವಾದಿಯನ್ನು ಗೊತ್ತು ಮಾಡಿದರು. ಆ ಬೆಳಿಗ್ಗೆ ನಮ್ಮ ಅತ್ತೆ, ಮಾವನವರ ಎದುರು ತಲೆಯೆತ್ತಿ ಮಾತಾಡದ ಅತ್ತೆ, ಸೆರಗು ಸಿಕ್ಕಿಸಿಕೊಂಡು ಬೀದಿ ದಾಟಿ ಹೋಗಿ ಅವರ ಬಾಗಿಲಲ್ಲಿ ನಿಂತರಂತೆ. "ಅವಳಿಗೆ ಹೊಡೀಬೇಡಿ. ಇದು ಗಾಳಿ ಅಲ್ಲ, ಕಾಯಿಲೆ. ಬಾಣಂತೀರಿಗೆ ಬರುತ್ತೆ. ಔಷಧಿ ಇದೆ, ವಾಸಿಯಾಗುತ್ತೆ. ವಾಸಿಯಾದ ಮೇಲೆ ಹುಚ್ಚಿ ಅನ್ನಬೇಡಿ ಅಷ್ಟೆ." ಹುಡುಗಿಯ ತಂದೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಕೆಲವು ತಿಂಗಳ ಮೇಲೆ ಅವಳು ತನ್ನ ಮಗುವಿಗೆ ತಾನೇ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಳು. "ನಿನಗೆ ಹೇಗೆ ಗೊತ್ತಾಯ್ತು?" ಎಂದು ಎಲ್ಲರೂ ಕೇಳಿದರು. "ಯಾರೋ ಅಂದ ನೆನಪು" ಎಂದರಂತೆ ಅತ್ತೆ.

ಮೊನ್ನೆ ನಮ್ಮ ಮನೆಯವರು ಮಗಳ ಮನೆಗೆ ಹೋಗಿದ್ದರು. ನನಗೆ ಎಣ್ಣೆಗಾಯಿಯ ಹುಚ್ಚು ಹತ್ತಿತು. ಅತ್ತೆಗೆ ಫೋನು ಮಾಡಿದೆ. ಅವರಿಗೀಗ 84 ವರ್ಷ, ಕಣ್ಣು ಪೊರೆ ಶಸ್ತ್ರಚಿಕಿತ್ಸೆ ಆಗಿದೆ, ಕಿವಿ ತಮಗೆ ಬೇಕಾದ್ದು ಕೇಳುವಷ್ಟಿದೆ. "ಎಷ್ಟು ಗುರೆಳ್ಳು ಅತ್ತೆ?" ಎಂದರೆ "ಅಂದಾಜು". "ಎಷ್ಟು ಹುಣಿಸೆಹಣ್ಣು?" ಎಂದರೆ "ಅಂದಾಜು". "ಎಷ್ಟು ಹೊತ್ತು ಬೇಯಿಸಬೇಕು?" ಎಂದರೆ "ಬೇಯೋ ತನಕ". ಇದಕ್ಕಿಂತ ಮಂಗರಸನ ಷಟ್ಪದಿ ಸುಲಭ. ರೈಲು ಹತ್ತಿ ಮೈಸೂರಿಗೇ ಹೋದೆ.

ಅಂದು ಶುಕ್ರವಾರ. "ಮೇಲಿನ ಗೂಡಿನಲ್ಲಿ ಸಹಸ್ರನಾಮ ಇದೆ, ತೆಗೆದುಕೊಡೋ" ಎಂದರು. ಗೂಡಿನಲ್ಲಿ ಸಹಸ್ರನಾಮ ಎರಡಿದ್ದವು. ಒಂದು ತೆಳ್ಳಗೆ, ಒಂದು ದಪ್ಪಗೆ. ಪತ್ತೇದಾರ ಪುರುಷೋತ್ತಮನ ಪ್ರತಾಪಗಳನ್ನು ಓದಿ ಬೆಳೆದವನು ನಾನು. ಎನ್. ನರಸಿಂಹಯ್ಯನವರ ಋಣ ದೊಡ್ಡದು: ಒಂದೇ ಹೆಸರಿನ ಎರಡು ಪುಸ್ತಕದ ತೂಕ ಬೇರೆ ಬೇರೆ ಇದ್ದರೆ ದಪ್ಪದ್ದನ್ನು ಬಿಚ್ಚಿ ನೋಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬಿಚ್ಚಿದೆ. ಒಳಗೆ ತ್ರಿವೇಣಿಯವರ 'ಶರಪಂಜರ'. ಬಾಣಂತನದಲ್ಲಿ ಮನಸ್ಸು ಕದಡಿ, ವಾಸಿಯಾಗಿ ಬಂದರೂ ಮನೆಯವರು ವಾಸಿಯಾಗಲು ಬಿಡದ ಹೆಣ್ಣಿನ ಕಥೆ. ಎದುರು ಮನೆಯ ಬಾಗಿಲಲ್ಲಿ ನಿಂತು ಅತ್ತೆ ಹೇಳಿದ 'ಯಾರೋ' ಯಾರು ಎಂದು ಆಗ ತಿಳಿಯಿತು. ಅದೇ ಮೈಸೂರಿನಲ್ಲಿದ್ದು, 1963ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ತ್ರಿವೇಣಿ. ತಾನು ಬರೆದದ್ದು ಒಂದು ಬಾಣಂತಿಯ ಬೆನ್ನನ್ನು ಬೇವಿನ ಸೊಪ್ಪಿನಿಂದ ಉಳಿಸಿತೆಂದು ಆಕೆಗೆ ತಿಳಿಯಲೇ ಇಲ್ಲ.

ಪುಸ್ತಕದ ಮೇಲೆ ಸರ್ಕ್ಯುಲೇಟಿಂಗ್ ಲೈಬ್ರರಿಯ ನೀಲಿ ಮೊಹರು ಹಾಗೇ ಇತ್ತು. ಹಿಂದೆಲ್ಲ ಎಷ್ಟು ಸಲ ತಂದು ಕೊಟ್ಟಿದ್ದರೋ, ಕೊನೆಯ ಸಲ ತಂದದ್ದನ್ನು ಹಿಂತಿರುಗಿಸಿಯೇ ಇಲ್ಲ. ದಿನಕ್ಕೆ ಹತ್ತು ಪೈಸೆಯಂತೆ ಐವತ್ತು ವರ್ಷಕ್ಕೆ ಬಾಕಿ 1,825 ರೂಪಾಯಿ. ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲು ರಿಪೇರಿ.

ಪುಟ ತಿರುವಿದರೆ ಗುರುತಿಗೆಂದು ಇಟ್ಟ ಒಂದು ತುಂಡು ಕಾಗದ ಜಾರಿ ಬಿತ್ತು. ಹಳದಿಗಟ್ಟಿದ್ದು ವಯಸ್ಸಿನಿಂದಲೋ ಅರಿಶಿನದಿಂದಲೋ ಹೇಳಲಾಗದು. ಯಾವುದೋ ವಾರಪತ್ರಿಕೆಯಿಂದ ಕತ್ತರಿಸಿದ ಅಂಕಣ. ಮೇಲೆ 'ಎಣ್ಣೆಗಾಯಿ' ಎಂದು ದಪ್ಪಕ್ಷರ, ಕೆಳಗೆ 'ಹುಬ್ಬಳ್ಳಿಯ ಓದುಗಿಯೊಬ್ಬರಿಂದ'. ಬೇಕಾಗುವ ಸಾಮಾನು: ಎಳೆ ಬದನೆಕಾಯಿ ಹನ್ನೆರಡು, ಗುರೆಳ್ಳು ಅರ್ಧ ಬಟ್ಟಲು...

ಗುರೆಳ್ಳು!

ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಅತ್ತೆಯ ದುಂಡು ಅಕ್ಷರ. 'ಬೆಲ್ಲ ಸಾಲದು.' ಅದರ ಕೆಳಗೆ, ಬೇರೆ ಯಾವತ್ತೋ ಬರೆದದ್ದು, 'ಕೊಬ್ಬರಿ ಇನ್ನೊಂದು ಹಿಡಿ.' ಇನ್ನೂ ಕೆಳಗೆ, 'ಈಗ ಸರಿ.'

ಕಾಗದ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಐವತ್ತು ವರ್ಷದ ಸೇಡು ತೀರಿಸಿಕೊಳ್ಳುವ ಅವಕಾಶ ಎಲ್ಲರಿಗೂ ಬರುವುದಿಲ್ಲ.

"ಅತ್ತೆ, ಇದೇನು? ಇಷ್ಟು ವರ್ಷ ನಮಗೆಲ್ಲ ತಿನ್ನಿಸಿದ್ದು ಪುಸ್ತಕದ ಬದನೆಕಾಯೀನಾ?"

ಅತ್ತೆ ಕನ್ನಡಕ ಸರಿಮಾಡಿಕೊಂಡು, ಕಾಗದವನ್ನು ಇಸಿದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಪುಸ್ತಕದ್ದೆಲ್ಲೋ ದಡ್ಡ? ವಾರಪತ್ರಿಕೇದು ಇದು. ಮೊದಲು ಸರಿಯಾಗಿ ಓದೋದು ಕಲಿ."